ಗೊರಸಿನಡಿಯ ಎರೆ

ಧಾರವಾಡಕ್ಕೂ ಮಲಪ್ರಭೆಗೂ ನಡುವಣ ಬಯಲಿನಲ್ಲಿದೆ ಉಪ್ಪಿನಬೆಟಗೇರಿ. ಇಲ್ಲಿಂದ ಪಶ್ಚಿಮಕ್ಕೆ ಹೋದಂತೆ ಅರೆಮಲೆನಾಡು, ಕೆಂಪು ಮಣ್ಣು, ಕುರುಚಲು ಕಾಡು. ಪೂರ್ವಕ್ಕೆ ತಿರುಗಿದರೆ ನವಲಗುಂದದವರೆಗೂ ಕಣ್ಣಿಗೆ ಅಡ್ಡ ಬರುವುದೇನೂ ಇಲ್ಲದ ಕಪ್ಪು ಹೊಲ. ಬೇಸಿಗೆಯಲ್ಲಿ ಈ ಹೊಲಗಳ ಬಿರುಕಿನೊಳಗೆ ಮೊಳಕೈವರೆಗೆ ಕೈ ಇಳಿಸಬಹುದು. ಮೃಗಶಿರ ಮಳೆ ಎರಡು ದಿನ ಸರಿಯಾಗಿ ಹಿಡಿದರೆ ಅದೇ ಹೊಲ ಕಾಲಿನ ಚಪ್ಪಲಿ ಕಿತ್ತು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ‘ಮಳಿ ಹತ್ತಿದ ಮ್ಯಾಗ ಎರಿಗೆ ಇಳೀಬ್ಯಾಡ್ರಿ’ ಎಂಬ ಮಾತು ಈ ಸೀಮೆಯ ಎತ್ತಿನವರಿಗೂ ಟ್ರ್ಯಾಕ್ಟರಿನವರಿಗೂ ಒಂದೇ. ಕುದುರೆಯವರಿಗಂತೂ ಇನ್ನೂ ಹೆಚ್ಚು.

ಮಳೆಯಲ್ಲಿ ಕುದುರೆ ಹತ್ತಬಹುದೇ ಎಂದು ಕೇಳಿದರೆ ತಂಪು ದೇಶದ ಕೈಪಿಡಿಗಳು ಮೊದಲು ಉಡುಪಿನ ಮಾತೆತ್ತುತ್ತವೆ: ಸವಾರನಿಗೆ ಎಂಥ ಕೋಟು, ಕುದುರೆಗೆ ಎಂಥ ಹೊದಿಕೆ, ಕೈಗವಸು ಯಾವುದು. ಅಲ್ಲಿನ ಚಳಿಮಳೆಗೆ ಅದು ಸರಿ. ನಮ್ಮ ಕಡೆ ಪ್ರಶ್ನೆಯನ್ನು ಮೇಲಿನಿಂದಲ್ಲ, ಕೆಳಗಿನಿಂದ ಕೇಳಬೇಕು. ಧಾರವಾಡದ ಮಳೆಗಾಲದಲ್ಲಿ ಕುದುರೆಯನ್ನು ಕೆಡಿಸುವುದು ಬೆನ್ನಿನ ಮೇಲೆ ಬೀಳುವ ನೀರಲ್ಲ. ಆ ನೀರು ನೆಲಕ್ಕಿಳಿದ ಮೇಲೆ ಮಣ್ಣಿಗೆ ಏನು ಮಾಡುತ್ತದೆ ಎಂಬುದೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಬೆನ್ನಿನ ವಿಷಯವನ್ನು ಬೇಗ ಮುಗಿಸಿಬಿಡೋಣ. ಆರೋಗ್ಯವಂತ ಕುದುರೆಗೆ ಸುಮಾರು 5ರಿಂದ 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಗಾಳಿ ಹಿತ. ಈ ಮಿತಿಯೊಳಗೆ ಮೈ ಬೆಚ್ಚಗಿಡಲು ಅದು ಹೆಚ್ಚುವರಿ ಶ್ರಮ ಪಡಬೇಕಿಲ್ಲ. ಧಾರವಾಡದಲ್ಲಿ ಜುಲೈ ತಿಂಗಳ ರಾತ್ರಿಗಳು 20 ಡಿಗ್ರಿಯ ಆಸುಪಾಸು, ಹಗಲು 27ರ ಹತ್ತಿರ. ಅಂದರೆ ನಮಗೆ ಸ್ವೆಟರ್ ನೆನಪಾಗುವ ಹೊತ್ತಿಗೆ ಕುದುರೆಗೆ ಆಗಷ್ಟೇ ಸೆಖೆ ಇಳಿದಿರುತ್ತದೆ. ಅದರ ರೋಮದ ಬುಡದಲ್ಲಿ ಜಿಡ್ಡು ಒಸರುತ್ತದೆ. ರೋಮಗಳು ಒಂದೇ ದಿಕ್ಕಿಗೆ ಮಲಗಿರುವುದರಿಂದ ಮಳೆನೀರು ತೊಗಲಿಗೆ ಇಳಿಯದೆ ಜಾರಿ ಹೊಟ್ಟೆಯ ಕೆಳಗೆ ತೊಟ್ಟಿಕ್ಕುತ್ತದೆ. ವಾರಕ್ಕೊಮ್ಮೆ ಸೋಪು ಹಚ್ಚಿ ತಿಕ್ಕಿ ಫಳಫಳ ಹೊಳೆಯಿಸುವವರು ಈ ಜಿಡ್ಡನ್ನು ತೊಳೆದು ಕುದುರೆಯ ಸ್ವಂತ ಕೋಟನ್ನೇ ಕಳಚುತ್ತಾರೆ ಎನ್ನಬೇಕು. ಇನ್ನು ಒಳಗಿನ ಒಲೆ. ಕುದುರೆಯ ದೊಡ್ಡ ಕರುಳಿನಲ್ಲಿ ನಾರುಳ್ಳ ಮೇವನ್ನು ಸೂಕ್ಷ್ಮಜೀವಿಗಳು ಹುಳಿಯಿಸಿ ಕರಗಿಸುವಾಗ ಸಾಕಷ್ಟು ಶಾಖ ಹುಟ್ಟುತ್ತದೆ. ಹಾಗಾಗಿ ಥಂಡಿ ಗಾಳಿಯ ದಿನ ಮುಷ್ಟಿ ಹುರುಳಿ ಹೆಚ್ಚು ಹಾಕುವುದಕ್ಕಿಂತ ಒಣ ಮೇವು ಹೆಚ್ಚು ಹಾಕುವುದು ಜಾಣತನ. ಮೇವು ಒಣಗಿದ್ದೇ ಆಗಿರಬೇಕು. ನೆನೆದ ಕಣಿಕೆಯಲ್ಲಿ ಬೂಸರು ಹಿಡಿದಿದ್ದರೆ ದನ ಹೇಗೋ ತಾಳಿಕೊಂಡೀತು. ಕುದುರೆಗೆ ವಾಂತಿ ಮಾಡುವ ಶಕ್ತಿಯೇ ಇಲ್ಲ, ತಿಂದದ್ದು ಹೊಟ್ಟೆಶೂಲೆಯಾಗಿ ಕಾಡುತ್ತದೆ.

ಬೆನ್ನಿಗೆ ಅಪಾಯವಾಗುವುದು ಒಂದೇ ಸಂದರ್ಭದಲ್ಲಿ: ರೋಮ ಬುಡದವರೆಗೆ ನೆನೆದಿದೆ, ಗಾಳಿ ಬೀಸುತ್ತಿದೆ, ಕುದುರೆ ಸೊರಗಿದೆ, ಮೇಲಾಗಿ ಈಗಷ್ಟೇ ಓಡಿ ಬಂದು ಬೆವರಿದೆ. ಈ ನಾಲ್ಕೂ ಒಟ್ಟಿಗೆ ಸೇರಿದರೆ 20 ಡಿಗ್ರಿಯಲ್ಲೂ ಅದು ನಡುಗುತ್ತದೆ. ಆಗ ಬೇಕಾದ್ದು ಕಂಬಳಿ. ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ತೇವವನ್ನು ಎಳೆಯೊಳಗೆ ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆ ಅನಿಸುವುದಿಲ್ಲ, ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಕುರಿಗಾರರು ಕಂಬಳಿಯ ಕೊಪ್ಪೆ ಹೊದ್ದು ಮಳೆಯಲ್ಲಿ ಇಡೀ ದಿನ ನಿಲ್ಲುತ್ತಾರಲ್ಲ, ಅದರ ಹಿಂದಿನ ರಸಾಯನಶಾಸ್ತ್ರ ಇದು. ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಮಳೆ ಹೊರಗೆ ನಿಲ್ಲುತ್ತದೆ, ಆದರೆ ಬೆವರು ಒಳಗೇ ಉಳಿದು ಬೆನ್ನು ಬೇಯುತ್ತದೆ.

ಇನ್ನು ನೆಲಕ್ಕೆ ಇಳಿಯೋಣ.

ಎರೆ ಮಣ್ಣಿನಲ್ಲಿ ಜೇಡಿಯ ಪಾಲು ದೊಡ್ಡದು. ನೂರಕ್ಕೆ ನಲವತ್ತು, ಅರುವತ್ತು, ಕೆಲವೆಡೆ ಅದಕ್ಕೂ ಮೇಲೆ. ಆ ಜೇಡಿಯಲ್ಲೂ ಮುಖ್ಯವಾದದ್ದು ಮಾಂಟ್‌ಮೊರಿಲ್ಲೊನೈಟ್ ಬಗೆಯ ಖನಿಜ. ಒಂದರ ಮೇಲೊಂದು ಪೇರಿಸಿದ ಕಟಕ ರೊಟ್ಟಿಗಳ ಹಾಗೆ ಇದರ ಹಾಳೆಗಳು ಇರುತ್ತವೆ. ಒಂದೊಂದು ಹಾಳೆಯೂ ಒಂದು ನ್ಯಾನೋಮೀಟರಿನಷ್ಟು, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ತೆಳು. ನೀರು ಬಿದ್ದಾಗ ಅದು ಹಾಳೆ ಹಾಳೆಗಳ ನಡುವೆ ನುಗ್ಗಿ ಅವನ್ನು ದೂರ ಸರಿಸುತ್ತದೆ, ಪೇರಿಕೆ ಉಬ್ಬುತ್ತದೆ. ಒಂದು ಗ್ರಾಂ ಶುದ್ಧ ಮಾಂಟ್‌ಮೊರಿಲ್ಲೊನೈಟಿನ ಎಲ್ಲ ಹಾಳೆಗಳನ್ನು ಬಿಡಿಸಿ ಹರಡಿದರೆ 700 ಚದರ ಮೀಟರಿಗೂ ಮಿಕ್ಕಿದ ಮೈ ಸಿಗುತ್ತದೆ. ಅಷ್ಟು ಮೈಗೂ ನೀರು ಅಂಟುತ್ತದೆ. ಆ ನೀರು ಮತ್ತೊಂದು ಕಡೆಯಿಂದ ನಿಮ್ಮ ಬೂಟಿಗೆ, ಗಾಡಿಯ ಗಾಲಿಗೆ, ಗೊರಸಿಗೆ ಅಂಟುತ್ತದೆ.

ಮೊದಲ ಮಳೆಯಲ್ಲಿ ಬಿರುಕುಗಳು ನೀರನ್ನು ಗಟಗಟ ಕುಡಿಯುತ್ತವೆ. ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ನೀರು ಕೆಳಗಿಳಿಯುವ ದಾರಿ ಬಹುತೇಕ ಬಂದ್. ಆಮೇಲೆ ಬೀಳುವ ಪ್ರತಿ ಹನಿಯೂ ಮೇಲೇ ನಿಂತು ರಾಡಿಯಾಗುತ್ತದೆ, ಇಲ್ಲವೇ ಹಳ್ಳಕ್ಕೆ ಓಡುತ್ತದೆ. ತುಪ್ಪರಿಹಳ್ಳ, ಬೆಣ್ಣಿಹಳ್ಳ ಬೇಸಿಗೆಯಲ್ಲಿ ಒಣಗಿ ಬಿದ್ದಿದ್ದು ಮಳೆಗಾಲದಲ್ಲಿ ಒಂದೇ ರಾತ್ರಿ ಊರ ದಾರಿ ಕಡಿಯುವುದಕ್ಕೆ ಎರೆ ಮಣ್ಣಿನ ಈ ಗುಣವೂ ಒಂದು ಕಾರಣ.

ಈಗ ಇಂಥ ನೆಲದ ಮೇಲೆ ಕುದುರೆಯನ್ನು ನಿಲ್ಲಿಸಿ ಲೆಕ್ಕ ಹಾಕೋಣ. 350 ಕಿಲೋ ತೂಕದ ಸಾಧಾರಣ ಕುದುರೆ, 70 ಕಿಲೋ ಸವಾರ, ಜೀನು ಮತ್ತಿತರ ಸಾಮಾನು 10 ಕಿಲೋ: ಒಟ್ಟು 430. ಒಂದು ಗೊರಸಿನ ತಳ ಸುಮಾರು 100 ಚದರ ಸೆಂಟಿಮೀಟರ್. ಸುಮ್ಮನೆ ನಿಂತಾಗಲೇ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಭಾರ ಬೀಳುತ್ತದೆ. ಬರಿಗಾಲಲ್ಲಿ ನಿಂತ ಮನುಷ್ಯನದು ಇದರ ಐದನೇ ಒಂದು ಪಾಲು. ನಾಗಾಲೋಟದಲ್ಲಿ ಒಂದೇ ಕಾಲು ನೆಲಕ್ಕೆ ತಾಗಿರುವ ಕ್ಷಣದಲ್ಲಿ ಆ ಕಾಲಿನ ಮೇಲೆ ಇಡೀ ದೇಹದ ಎರಡೂವರೆ ಪಟ್ಟು ಭಾರ ಬೀಳುತ್ತದೆ. ಆಗ ಒತ್ತಡ ಚದರ ಸೆಂಟಿಮೀಟರಿಗೆ ಹತ್ತು ಕಿಲೋ ದಾಟುತ್ತದೆ. ಕಟ್ಟಡ ಕಟ್ಟುವ ಇಂಜಿನಿಯರುಗಳ ಲೆಕ್ಕದಲ್ಲಿ ತೀರ ಮೆತ್ತಗಿನ ಜೇಡಿ ಹೊರಬಲ್ಲದ್ದು ಸುಮಾರು 0.7 ಕಿಲೋ ಮಾತ್ರ, ಅದಕ್ಕಿಂತ ಕೊಂಚ ಬಿಗಿಯಾದದ್ದು ಒಂದೂವರೆ. ಅಂದರೆ ಚೆನ್ನಾಗಿ ನೆನೆದ ಎರೆ ಹೊಲದಲ್ಲಿ ಕುದುರೆ ನಿಂತಲ್ಲೇ ಹುಗಿಯುತ್ತದೆ. ಸ್ವಲ್ಪ ಆರಿದ ಹೊಲದಲ್ಲಿ ನಿಂತರೆ ಪರವಾಗಿಲ್ಲ, ನಡೆದರೆ ಕಷ್ಟ, ಓಡಿಸಿದರೆ ಕೆಟ್ಟಿತು.

ಹುಗಿದ ಕಾಲನ್ನು ಎತ್ತುವುದು ಮತ್ತೊಂದು ಪಾಡು. ಗೊರಸು ಒಂದೇ ಗಟ್ಟಿ ಬಟ್ಟಲು, ಅದರ ತಳಕ್ಕೂ ಕೆಸರಿಗೂ ನಡುವೆ ಗಾಳಿ ಇರುವುದಿಲ್ಲ. ಎಳೆದಾಗ ಕೆಳಗೆ ನಿರ್ವಾತ ಉಂಟಾಗಿ ಮೇಲಿನ ವಾತಾವರಣದ ಭಾರವೆಲ್ಲ ಗೊರಸನ್ನು ಒತ್ತಿ ಹಿಡಿಯುತ್ತದೆ. ಆ ಭಾರ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ. ಪೂರ್ಣ ನಿರ್ವಾತವಾದರೆ ಒಂದೊಂದು ಗೊರಸಿಗೆ 100 ಕಿಲೋ! ಕೆಸರಿನಲ್ಲಿ ಅಷ್ಟಾಗುವುದಿಲ್ಲ. ಆದರೆ ಐದರಲ್ಲೊಂದು ಪಾಲು ಆದರೂ ಹೆಜ್ಜೆ ಹೆಜ್ಜೆಗೆ 20 ಕಿಲೋ ಎತ್ತಿದಂತೆ. ಎತ್ತಿನ ಗೊರಸು ಸೀಳು. ಇಳಿಯುವಾಗ ಎರಡು ಹೋಳು ಅಗಲವಾಗಿ ಭಾರ ಹಂಚಿಕೊಳ್ಳುತ್ತವೆ, ಏಳುವಾಗ ಒಂದಕ್ಕೊಂದು ಕೂಡಿ ಕಿರಿದಾಗಿ ಪಕ್ಕದಿಂದ ಗಾಳಿಗೆ ದಾರಿ ಬಿಡುತ್ತವೆ. ಎತ್ತು ಎಮ್ಮೆಗಳು ಕೆಸರಿನಲ್ಲಿ ಗೆಯ್ಯಬಲ್ಲವು, ಕುದುರೆ ಗೆಯ್ಯಲಾರದು ಎಂಬುದಕ್ಕೆ ಅರ್ಧ ಕಾರಣ ಇಲ್ಲಿದೆ.

ಉಳಿದರ್ಧ ಕಾರಣ ಹಳೆಯದು, ಐದೂವರೆ ಕೋಟಿ ವರ್ಷ ಹಳೆಯದು. ಕುದುರೆಯ ಪೂರ್ವಜ ಹೈರಾಕೊಥೀರಿಯಂ ನಾಯಿಯಷ್ಟು ಎತ್ತರದ ಪ್ರಾಣಿ. ಕಾಡಿನ ಮೆತ್ತನೆಯ ನೆಲದಲ್ಲಿ ಎಲೆ ತಿಂದು ಬದುಕುತ್ತಿದ್ದ ಅದಕ್ಕೆ ಮುಂಗಾಲಲ್ಲಿ ನಾಲ್ಕು ಬೆರಳು, ಹಿಂಗಾಲಲ್ಲಿ ಮೂರು. ಟೇಪಿರ್‌ಗೆ ಇವತ್ತಿಗೂ ಅಷ್ಟೇ ಬೆರಳುಗಳಿವೆ, ಅದು ಇವತ್ತಿಗೂ ಕೆಸರುಗಾಡಿನ ಪ್ರಾಣಿ. ಕಾಡು ಕರಗಿ ಹುಲ್ಲುಗಾವಲು ಹಬ್ಬಿದಂತೆ ಕುದುರೆಯ ವಂಶ ಗಟ್ಟಿ ನೆಲಕ್ಕೆ ಬಂತು, ಪಕ್ಕದ ಬೆರಳುಗಳು ಸಣ್ಣದಾಗುತ್ತ ಹೋಗಿ ನಡುಬೆರಳೊಂದೇ ಉಳಿಯಿತು. ಇಂದಿನ ಕುದುರೆ ನಾಲ್ಕು ಬೆರಳ ತುದಿಯ ಮೇಲೆ, ನಾಲ್ಕು ಉಗುರುಗಳ ಮೇಲೆ ನಡೆಯುತ್ತದೆ. ಮೊಣಕಾಲಿನಿಂದ ಕೆಳಗೆ ಮಾಂಸಖಂಡವೇ ಇಲ್ಲದಂತೆ, ಬರೀ ಎಲುಬು ಮತ್ತು ಸ್ನಾಯುರಜ್ಜು. ಗಟ್ಟಿ ನೆಲದ ಮೇಲೆ ಈ ರಜ್ಜುಗಳು ಹಿಗ್ಗಿ ಕುಗ್ಗಿ, ಹಾಕಿದ ಶಕ್ತಿಯ ದೊಡ್ಡ ಪಾಲನ್ನು ಮುಂದಿನ ನೆಗೆತಕ್ಕೆ ಹಿಂದಿರುಗಿಸುತ್ತವೆ. ಕೆಸರು ಆ ಶಕ್ತಿಯನ್ನು ನುಂಗಿಬಿಡುತ್ತದೆ. ಓಟದಲ್ಲಿ ಮೊದಲೇ ತಮ್ಮ ಹಿಗ್ಗುವ ಮಿತಿಯ ಹತ್ತಿರ ಕೆಲಸ ಮಾಡುವ ರಜ್ಜುಗಳು ನೆಲ ಅಡ್ಡಾದಿಡ್ಡಿಯಾಗಿ ಕುಸಿದಾಗ ಹರಿಯುತ್ತವೆ. ಹರಿದದ್ದು ಕೂಡಲು ತಿಂಗಳುಗಟ್ಟಲೆ ಬೇಕು, ಮೊದಲಿನ ಬಲ ಬರುವುದೂ ಇಲ್ಲ.

ಲಾಳ ಕಳಚಿ ಕೆಸರಲ್ಲೇ ಉಳಿಯುವುದೂ ಇದೇ ಕಥೆಯ ಭಾಗ. ಕೆಸರೇ ಅದನ್ನು ಎಳೆದು ಕೀಳುತ್ತದೆ ಎಂದು ತೋರುತ್ತದೆ, ಆದರೆ ಸಾಮಾನ್ಯವಾಗಿ ಕೀಳುವುದು ಕುದುರೆಯ ಹಿಂಗಾಲು. ಕೆಸರು ಹಿಡಿದ ಮುಂಗಾಲು ಏಳುವುದು ತಡವಾಗುತ್ತದೆ. ಅಷ್ಟರಲ್ಲಿ ಹಿಂಗಾಲು ತನ್ನ ಸರದಿಗೆ ಬಂದು ಮುಂಗಾಲಿನ ಲಾಳದ ಹಿಂತುದಿಯನ್ನು ತುಳಿಯುತ್ತದೆ.

ದಕ್ಷಿಣದ ಸೇನೆಗಳಿಗೆ ಈ ಲೆಕ್ಕವೆಲ್ಲ ಅನುಭವದಿಂದಲೇ ತಿಳಿದಿತ್ತು. ಮರಾಠರ ಕುದುರೆ ದಂಡು ಮಳೆಗಾಲ ಪೂರ್ತಿ ಛಾವಣಿ ಹಾಕಿ, ವಿಜಯದಶಮಿಯ ದಿನ ಸೀಮೋಲ್ಲಂಘನ ಮಾಡಿ ಹೊರಡುತ್ತಿತ್ತು. ಅದು ಹಬ್ಬವೂ ಹೌದು, ಮಣ್ಣಿನ ವಿಜ್ಞಾನವೂ ಹೌದು: ಆ ಹೊತ್ತಿಗೆ ನೆಲ ಕುದುರೆಯನ್ನು ಹೊರುವಷ್ಟು ಬಿಗಿದಿರುತ್ತದೆ, ಮೇವೂ ಬೆಳೆದಿರುತ್ತದೆ. ಈ ಪದ್ಧತಿಯನ್ನು ಮುರಿದು ಮಳೆಗಾಲದ ನಡುವೆಯೇ ಧಾರವಾಡ ಸೀಮೆಯಲ್ಲಿ ದಂಡು ನಡೆಸಿದವನು ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ಹೊರಬಂದ ಚನ್ನಗಿರಿಯ ಧೋಂಡಿಯ ವಾಘ್ ತನ್ನನ್ನು ಉಭಯ ಲೋಕಾಧೀಶ್ವರನೆಂದು ಕರೆದುಕೊಂಡು, ಸಾವಿರಾರು ಕುದುರೆ ಸವಾರರನ್ನು ಕೂಡಿಸಿದ್ದ. 1800ರ ಜೂನ್ ಕೊನೆಯಲ್ಲಿ ಹರಿಹರದ ಬಳಿ ತುಂಗಭದ್ರೆ ದಾಟಿದ ವೆಲ್ಲೆಸ್ಲಿ ರಾಣೆಬೆನ್ನೂರು, ಸವಣೂರು, ಕುಂದಗೋಳ, ಡಂಬಳ ಹೀಗೆ ಎರೆ ನಾಡನ್ನು ಸುತ್ತಿ ಸವದತ್ತಿಗೆ ಬಂದ. ಜುಲೈ 30ರಂದು ಮಲಪ್ರಭೆಯ ದಡದ ಮುನವಳ್ಳಿಯಲ್ಲಿ ಧೋಂಡಿಯನ ಪಾಳೆಯದ ಮೇಲೆ ಅವನ ಅಶ್ವದಳ ಹಠಾತ್ತನೆ ಎರಗಿತು. ನದಿ ತುಂಬಿ ಹರಿಯುತ್ತಿತ್ತು. ಓಡಲು ನೋಡಿದವರಲ್ಲಿ ಬಹಳ ಜನ, ಬಹಳ ಕುದುರೆ ನೀರುಪಾಲಾದರು. ಧೋಂಡಿಯ ಅಷ್ಟರಲ್ಲಿ ಆಚೆ ದಡ ಸೇರಿದ್ದ.

ಬೆನ್ನಟ್ಟುವಿಕೆ ಮತ್ತೆ ಆರು ವಾರ ನಡೆಯಿತು. ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ನಾಲ್ಕು ಅಶ್ವದಳಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ವೆಲ್ಲೆಸ್ಲಿ ದಾಳಿ ಮಾಡಿದ, ಧೋಂಡಿಯ ಸತ್ತ. ನನಗೆ ಇಲ್ಲಿ ಮುಖ್ಯವೆನಿಸುವುದು ಹಿಂದಿನ ರಾತ್ರಿ. ಶತ್ರು ಕೆಲವೇ ಮೈಲು ದೂರದಲ್ಲಿದ್ದಾನೆಂದು ತಿಳಿದೂ ವೆಲ್ಲೆಸ್ಲಿ ಹೊರಡಲಿಲ್ಲ. ರಾತ್ರಿಯ ಹವೆ ತೀರ ಕೆಟ್ಟಿತ್ತು, ಕುದುರೆಗಳು ದಣಿದಿದ್ದವು ಎಂದು ಆಮೇಲೆ ಕಂಪನಿಯ ಅಧಿಕಾರಿ ಥಾಮಸ್ ಮನ್ರೋಗೆ ಬರೆದ. ಕೈಗೆ ಸಿಕ್ಕಿದ ಬೇಟೆಯನ್ನು ಒಂದು ರಾತ್ರಿ ಬಿಟ್ಟು ಕುದುರೆಗೆ ವಿಶ್ರಾಂತಿ ಕೊಡುವ ಈ ನಿರ್ಧಾರವೇ ಇಡೀ ದಂಡಯಾತ್ರೆಯಲ್ಲಿ ಅತ್ಯಂತ ಸರಿಯಾದದ್ದು ಎಂದು ನಾನು ಹೇಳುತ್ತೇನೆ. ಹದಿನೈದು ವರ್ಷಗಳ ನಂತರ, 1815ರ ಜೂನ್ 18ರಂದು, ಇದೇ ಮನುಷ್ಯ ವೆಲ್ಲಿಂಗ್ಟನ್ ಡ್ಯೂಕನಾಗಿ ವಾಟರ್‌ಲೂನಲ್ಲಿ ನಿಂತಿದ್ದ. ಹಿಂದಿನ ರಾತ್ರಿಯೆಲ್ಲ ಮಳೆ ಸುರಿದು ಹೊಲಗಳು ರಾಡಿಯಾಗಿದ್ದವು. ಎದುರಿಗಿದ್ದ ನೆಪೋಲಿಯನ್ ನೆಲ ಆರಲಿ ಎಂದು ಮಧ್ಯಾಹ್ನದ ಹತ್ತಿರದವರೆಗೆ ದಾಳಿಯನ್ನು ಮುಂದೂಡಿದ. ಆ ವಿಳಂಬದ ಬೆಲೆ ಎಷ್ಟೆಂದು ಇತಿಹಾಸಕಾರರು ಇವತ್ತಿಗೂ ವಾದಿಸುತ್ತಾರೆ.

ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯವರಿಗೂ ಇಂಥದೇ ಪಾಠ ಮೊದಲ ಮಹಾಯುದ್ಧದಲ್ಲಿ ದೂರದ ಪ್ಯಾಲೆಸ್ತೀನಿನ ಹೈಫಾದಲ್ಲಿ ಕಾದಿತ್ತು. 1918ರ ಸೆಪ್ಟೆಂಬರ್ 23ರಂದು ಅವರೂ ಜೋಧಪುರದವರೂ ಆ ಊರನ್ನು ಹಿಡಿದರು. ಅವತ್ತು ಜೋಧಪುರದ ಮುಂಚೂಣಿ ಸವಾರರ ಕುದುರೆಗಳು ಕೀಶೋನ್ ಹೊಳೆಯ ದಡದಲ್ಲಿ ಕುಸಿಯುವ ಮರಳಿಗೆ ಸಿಕ್ಕಿ ಮುಳುಗಿದವು. ಎದುರಿಗೆ ಮಷಿನ್ ಗನ್ನುಗಳಿದ್ದರೂ ದಾಳಿಯ ದಾರಿಯನ್ನು ಬದಲಿಸಿದ್ದು ಗನ್ನುಗಳಲ್ಲ, ಆ ಹೊಳೆಯ ದಡ. ಮೈಸೂರಿನವರು ಆ ಹೊತ್ತಿಗೆ ಕಾರ್ಮೆಲ್ ಬೆಟ್ಟದ ಕಲ್ಲುನೆಲ ಹತ್ತುತ್ತಿದ್ದರು.

ಹಾಗಾದರೆ ರಸ್ತೆ ಹಿಡಿದು ಹೋದರಾಯಿತಲ್ಲ ಎನ್ನಬಹುದು. ಡಾಂಬರು ಹುಗಿಯುವುದಿಲ್ಲ, ಜಾರುತ್ತದೆ. ಬರಿ ಗೊರಸು ಒದ್ದೆ ರಸ್ತೆಯನ್ನು ತಕ್ಕಮಟ್ಟಿಗೆ ಹಿಡಿಯುತ್ತದೆ, ಸವೆದು ನುಣುಪಾದ ಕಬ್ಬಿಣದ ಲಾಳ ಹಿಡಿಯುವುದಿಲ್ಲ. ಅತಿ ಕೆಟ್ಟದ್ದು ವರ್ಷದ ಮೊದಲ ಮಳೆಯ ಮೊದಲ ಅರ್ಧ ಗಂಟೆ. ಬೇಸಿಗೆಯಿಡೀ ಕೂತ ಧೂಳು ಮತ್ತು ವಾಹನಗಳ ಎಣ್ಣೆ ನೀರಿನ ಜೊತೆ ಸೇರಿ ಲೋಳೆಯಾಗುತ್ತದೆ. ಈಗ ಚಿಗರಿ ಬಸ್ಸು ಓಡುವ ಹುಬ್ಬಳ್ಳಿ-ಧಾರವಾಡದಲ್ಲಿ ಟಾಂಗಾಗಳಿದ್ದ ಕಾಲಕ್ಕೆ ಲಾಳ ಬಡಿಯುವ ನಾಲಬಂದರ ಕೈಚಳಕದ ಮೇಲೆ ಕುದುರೆಯ ಜೀವ ನಿಂತಿತ್ತು. ಮೊಳೆಯ ತಲೆಯನ್ನು ಸ್ವಲ್ಪ ಎದ್ದಿರುವಂತೆ ಬಿಟ್ಟರೆ ರಸ್ತೆಗೆ ಕಚ್ಚು ಸಿಗುತ್ತದೆ, ಅತಿಯಾದರೆ ಕಾಲು ತಿರುಚುತ್ತದೆ.

ನೆಲವನ್ನು ಅಳೆದು ಕುದುರೆ ಓಡಿಸುವ ಒಂದೇ ಜಾಗ ಎಂದರೆ ರೇಸ್ ಕೋರ್ಸ್. ಬೆಂಗಳೂರಿನ ಬೇಸಿಗೆ ರೇಸುಗಳು ಮುಗಿಯುವುದೇ ಜುಲೈ ಮಳೆಯಲ್ಲಿ, ಮೈಸೂರಿನ ದೊಡ್ಡ ರೇಸುಗಳು ಅದರ ನಂತರ. ಅಲ್ಲಿ ಓಟಕ್ಕೆ ಮೊದಲು ಪೆನೆಟ್ರೋಮೀಟರ್ ಎಂಬ ಸಲಕರಣೆ ಹಿಡಿದು ಟ್ರ್ಯಾಕಿನುದ್ದಕ್ಕೂ ನಡೆಯುತ್ತಾರೆ. ಗೊತ್ತಾದ ತೂಕವನ್ನು ಗೊತ್ತಾದ ಎತ್ತರದಿಂದ ಬಿಟ್ಟಾಗ ಅದರ ಸರಳು ಹುಲ್ಲುನೆಲದೊಳಗೆ ಎಷ್ಟು ಇಳಿಯುತ್ತದೆ ಎಂಬುದೇ ಅಳತೆ. ಜೂಜುಕೋರರು ಆ ಅಂಕಿಯನ್ನು ನೋಡಿ ಹಣ ಕಟ್ಟುತ್ತಾರೆ. ಅವರ ವಿಜ್ಞಾನಪ್ರೇಮಕ್ಕೆ ಮೆಚ್ಚಲೇಬೇಕು.

ಕುದುರೆ ತಾನೇ ನೆಲವನ್ನು ನೋಡಿಕೊಳ್ಳುವುದಿಲ್ಲವೇ? ನೋಡುತ್ತದೆ, ಆದರೆ ನಮ್ಮಂತೆ ಅಲ್ಲ. ಕಣ್ಣುಗಳು ತಲೆಯ ಎರಡು ಬದಿಗೆ ಇರುವುದರಿಂದ ಸುತ್ತಲಿನ ಸುಮಾರು 350 ಡಿಗ್ರಿ ಅದಕ್ಕೆ ಕಾಣುತ್ತದೆ. ಎರಡೂ ಕಣ್ಣು ಕೂಡಿ ಆಳವನ್ನು ಅಳೆಯುವ ಭಾಗ ಮಾತ್ರ ಕಿರಿದು, ಮೂಗಿನ ಕೆಳಗಿನದಂತೂ ಕಾಣುವುದೇ ಇಲ್ಲ. ಆಕಾಶ ಹೊಳೆಯುವ ಹೊಂಡವೊಂದು ದಾರಿಯಲ್ಲಿದ್ದರೆ ಅದು ಅಂಗುಲ ಆಳವೋ ಆಳೆತ್ತರವೋ ಕುದುರೆಗೆ ತಿಳಿಯದು. ತಲೆ ತಗ್ಗಿಸಿ, ಮೂಸಿ, ಓರೆಯಾಗಿ ನೋಡಿ ನಿರ್ಧರಿಸಬೇಕು. ಆ ಹೊತ್ತಿನಲ್ಲಿ ಲಗಾಮು ಬಿಗಿಹಿಡಿದು ಹಿಮ್ಮಡಿಯಿಂದ ಒದೆಯುವ ಸವಾರ ಅದರ ಕಣ್ಣು ಕಟ್ಟಿ ಮುಂದೆ ದೂಡಿದಂತೆ. ಬಿರುಗಾಳಿಯಲ್ಲಿ ಕುದುರೆ ಸುಮ್ಮಸುಮ್ಮನೆ ಬೆದರುವುದಕ್ಕೂ ಕಾರಣವಿದೆ. 180 ಡಿಗ್ರಿ ತಿರುಗಬಲ್ಲ ಅದರ ಕಿವಿಗಳು ಸದ್ದು ಎಲ್ಲಿಂದ ಬಂತೆಂದು ಗುರುತಿಸಲು ಇರುವಂಥವು. ಗಾಳಿಯ ಭೋರ್ಗರೆತದಲ್ಲಿ ಆ ಗುರುತು ಕಳೆದುಹೋಗುತ್ತದೆ, ವಾಸನೆಯೂ ಚದುರುತ್ತದೆ. ಬೇಟೆಗೆ ಬಲಿಯಾಗುತ್ತ ಬಂದ ಪ್ರಾಣಿಗೆ ಇವೆರಡೂ ಇಲ್ಲದಾಗ ಪ್ರತಿ ಅಲುಗಾಟವೂ ಹುಲಿಯೇ.

ಸಿಡಿಲಿನ ವಿಷಯದಲ್ಲಿ ಮಾತ್ರ ಮಾತು ಖಡಾಖಂಡಿತ. ಏಪ್ರಿಲ್-ಮೇ ತಿಂಗಳ ಸಂಜೆಗಳಲ್ಲಿ, ಮತ್ತೆ ಮಳೆ ಹಿಂತಿರುಗುವ ಅಕ್ಟೋಬರಿನಲ್ಲಿ, ಈ ಬಯಲಿನ ಮೇಲೆ ಗುಡುಗು ಮೋಡ ಕಟ್ಟುತ್ತದೆ. ಮರಗಳಿಲ್ಲದ ಎರೆ ಹೊಲದಲ್ಲಿ ಕುದುರೆಯ ಮೇಲೆ ಕೂತವನ ತಲೆ ನೆಲದಿಂದ ಎರಡು ಮೀಟರಿಗೂ ಎತ್ತರ, ಸುತ್ತಲಿನ ಎಲ್ಲಕ್ಕಿಂತ ಎತ್ತರ. ಸಿಡಿಲು ನೇರ ಬಡಿಯದೆ ಹತ್ತಿರ ಎಲ್ಲೋ ಬಿದ್ದರೂ ವಿದ್ಯುತ್ತು ನೆಲದಲ್ಲಿ ಸುತ್ತಲೂ ಹರಡುತ್ತದೆ. ಬಿದ್ದ ಜಾಗದಿಂದ ದೂರ ಹೋದಂತೆ ವೋಲ್ಟೇಜು ಇಳಿಯುವುದರಿಂದ, ಅಗಲವಾಗಿ ಊರಿದ ಎರಡು ಕಾಲುಗಳ ನಡುವೆ ವೋಲ್ಟೇಜಿನ ವ್ಯತ್ಯಾಸ ಉಂಟಾಗಿ ವಿದ್ಯುತ್ತು ಒಂದು ಕಾಲಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಮನುಷ್ಯ ಕಾಲು ಜೋಡಿಸಿ ಕುಕ್ಕರಗಾಲಲ್ಲಿ ಕೂತರೆ ಈ ಅಂತರ ಬಹಳ ಕಡಿಮೆ. ಕುದುರೆಯ ಮುಂಗಾಲು ಹಿಂಗಾಲುಗಳ ನಡುವೆ ಮೀಟರಿಗೂ ಹೆಚ್ಚು ದೂರ, ನಟ್ಟನಡುವೆ ಹೃದಯ. ಮರದಡಿ ನಿಂತ ದನಗಳ ಹಿಂಡು ಒಂದೇ ಸಿಡಿಲಿಗೆ ಸಾಯುವುದು ಹೀಗೆಯೇ. ಮಿಂಚು ಕಂಡ ಮೇಲೆ ಗುಡುಗಿನವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಗುಡುಗು ಕೇಳಿಸಿತೋ, ಇಳಿಯಬೇಕು, ಕುದುರೆಯಿಂದ ದೂರ ಸರಿಯಬೇಕು, ಒಂಟಿ ಮರದ ಕಡೆ ಹೋಗಬಾರದು. ಊರಿನ ಪಕ್ಕಾ ಕಟ್ಟಡ ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು.

ಹಳ್ಳ ಬಂದಾಗ? ಕುದುರೆ ಹುಟ್ಟಾ ಈಜುಗಾರ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಹರಿಗೋಲುಗಳನ್ನು ಬಣ್ಣಿಸುತ್ತ, ಬೇಕಾದರೆ ಕುದುರೆ ಎತ್ತುಗಳನ್ನೂ ಅವುಗಳಲ್ಲಿ ದಾಟಿಸಬಹುದು, ಆದರೆ ಹೆಚ್ಚಾಗಿ ಅವು ಈಜಿಯೇ ದಾಟುತ್ತವೆ ಎಂದಿದ್ದಾನೆ. ಅದು ನದಿಯ ಮಾತು. ತುಪ್ಪರಿಹಳ್ಳದಂಥ ಹಳ್ಳದ ಅಪಾಯ ಬೇರೆ. ಹರಿಯುವ ನೀರು ತಳ್ಳುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು. ಮೊಣಕಾಲು ಮುಟ್ಟುವ ನೀರೇ ಕುದುರೆಯ ಕಾಲು ಎಳೆಯಬಲ್ಲದು. ಅದಕ್ಕಿಂತ ಮುಖ್ಯವಾಗಿ ಎರಡೂ ದಡ ನೆನೆದ ಎರೆಯವು. ಈಜಿ ಆಚೆ ತಲುಪಿದ ಕುದುರೆಗೆ ಹತ್ತಿ ನಿಲ್ಲಲು ನೆಲವೇ ಸಿಗುವುದಿಲ್ಲ. ಮುನವಳ್ಳಿಯಲ್ಲಿ ಮುಳುಗಿದ ಕುದುರೆಗಳಿಗೆ ಈಜು ಬರುತ್ತಿರಲಿಲ್ಲ ಎಂದು ನಾನಂತೂ ನಂಬುವುದಿಲ್ಲ.

ಮನೆಗೆ ಬಂದ ಮೇಲಿನ ಕೆಲಸ ಸವಾರಿಗಿಂತ ಉದ್ದ. ಗೊರಸು ಕೆರಟಿನ್ ಎಂಬ ಪ್ರೋಟೀನಿನದು, ನಮ್ಮ ಉಗುರಿನಂತೆಯೇ ನೀರು ಕುಡಿಯುತ್ತದೆ. ಬರ್ಟ್ರಾಮ್ ಮತ್ತು ಗಾಸ್ಲೈನ್ ಎಂಬ ಇಬ್ಬರು ವಿಜ್ಞಾನಿಗಳು 1980ರ ದಶಕದಲ್ಲಿ ಅಳೆದು ನೋಡಿದಾಗ, ಪೂರ್ತಿ ನೆನೆದ ಗೊರಸಿನ ಪೆಡಸುತನ ಪೂರ್ತಿ ಒಣಗಿದ್ದಕ್ಕಿಂತ ಮೂವತ್ತು ಪಟ್ಟಿಗೂ ಮಿಕ್ಕಿ ಕಡಿಮೆ ಇತ್ತು. ಹಾಗೆಂದು ಒಣಗಿದ್ದೇ ಮೇಲು ಎಂದಲ್ಲ. ಬಿರುಕು ಹರಡದಂತೆ ತಡೆಯುವ ಶಕ್ತಿ ಅತಿ ಹೆಚ್ಚು ಇದ್ದದ್ದು ಹದವಾದ ತೇವದಲ್ಲಿ. ಎರಡು ತಿಂಗಳು ರಾಡಿಯಲ್ಲಿ ನಿಂತು ಆಮೇಲೆ ಅಕ್ಟೋಬರ್ ಬಿಸಿಲಿಗೆ ಒಣಗುವ ಗೊರಸು ಎರಡೂ ಕಡೆಯ ಪೆಟ್ಟು ತಿನ್ನುತ್ತದೆ: ಮೊದಲು ಮೊಳೆ ಸಡಿಲ, ನಂತರ ಸೀಳು. ತಳದ ತ್ರಿಕೋನಾಕಾರದ ಮೆತ್ತನೆ ಭಾಗದ ಬದಿಯ ಸಂದುಗಳಲ್ಲಿ ಎರೆ ಮೆತ್ತಿಕೊಂಡು ಗಾಳಿಯಾಡದಿದ್ದರೆ ಅಲ್ಲಿ ಕೊಳೆಸುವ ಬ್ಯಾಕ್ಟೀರಿಯಾಗಳು ಬೆಳೆದು ಕಪ್ಪು ನಾರುವ ರಸ ಒಸರುತ್ತದೆ. ಕೊಕ್ಕೆಯಿಂದ ದಿನವೂ ಬಿಡಿಸಿ ಕೆರೆದರೆ ಅರ್ಧ ರೋಗ ಬರುವುದೇ ಇಲ್ಲ. ಬೆನ್ನಿನ ಮೇಲೆ ಹಕ್ಕಳೆಗಟ್ಟಿ ರೋಮ ಗುಚ್ಛಗುಚ್ಛವಾಗಿ ಉದುರಿದರೆ ಅದು ಡರ್ಮಟೋಫೈಲಸ್ ಎಂಬ ಬ್ಯಾಕ್ಟೀರಿಯಾ, ನೆನೆದ ತೊಗಲಿನಲ್ಲಿ ಅದಕ್ಕೆ ಹಬ್ಬ. ಜೀನಿನ ಪಟ್ಟಿಯ ಕೆಳಗೆ ಒಂದೇ ಒಂದು ಮರಳಿನ ಹರಳು ಉಳಿದರೂ ಒದ್ದೆ ತೊಗಲು ಬೇಗ ಸುಲಿಯುತ್ತದೆ. ನೆನೆದ ಜೀನನ್ನು ಒಲೆಯ ಹತ್ತಿರ ಒಣಗಿಸಿದರೆ ತೊಗಲು ಸೆಟೆದು ಸೀಳುತ್ತದೆ, ನೆರಳಿನಲ್ಲಿ ಆರಿಸಿ ಎಣ್ಣೆ ತಿಕ್ಕಬೇಕು.

ಇನ್ನೊಂದು ರೋಗ ಮಳೆ ನಿಂತ ಮೇಲೆ ಬರುತ್ತದೆ. ಸರ್ರಾ ಎಂಬ ಈ ಜ್ವರದ ಕಾರಣವನ್ನು 1880ರಲ್ಲಿ ಸಿಂಧೂ ತೀರದ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯ ಕುದುರೆ ಒಂಟೆಗಳ ರಕ್ತದಲ್ಲಿ ಕಂಡ. ಬಾಲವಿದ್ದು ಹೊರಳಾಡುವ ಆ ಸೂಕ್ಷ್ಮಜೀವಿಗೆ ಈಗ ಅವನ ಹೆಸರೇ ಇದೆ. ಹರಡುವುದು ಕಚ್ಚಿ ರಕ್ತ ಹೀರುವ ದೊಡ್ಡ ನೊಣಗಳು, ಅವುಗಳ ಮರಿಹುಳುಗಳು ಬೆಳೆಯುವುದು ಹಸಿ ಮಣ್ಣಿನಲ್ಲಿ. ಮಳೆಗಾಲ ಮುಗಿಯುವ ಹೊತ್ತಿಗೆ ಕುದುರೆ ಬಿಟ್ಟುಬಿಟ್ಟು ಜ್ವರ ಬಂದು ಸೊರಗಿ, ಕಾಲು ಬಾತುಕೊಂಡರೆ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು.

ಇವತ್ತು ಬೆಳಗಾವಿ, ಧಾರವಾಡ ಸೀಮೆಯಲ್ಲಿ ಮಳೆಗಾಲದಲ್ಲೂ ಕುದುರೆಯನ್ನು ದಿನವೂ ದುಡಿಸುವವರು ವಲಸೆ ಕುರಿಗಾರರು. ಅವರ ಗಿಡ್ಡ ತಟ್ಟುಗಳ ಮೇಲೆ ಪಾತ್ರೆ, ಜೋಳದ ಚೀಲ, ಗುಡಾರದ ಗಳ, ಆಗಷ್ಟೇ ಹುಟ್ಟಿದ ಕುರಿಮರಿ, ಒಮ್ಮೊಮ್ಮೆ ಮಗು, ಕೋಳಿ ಎಲ್ಲ ಹೇರಿರುತ್ತದೆ. ಗಡಿಯಾಚೆಯ ಧನಗರರು ಇಂಥದೇ ಕೆಲಸಕ್ಕೆ ಸಾಕುವ ಭೀಮಥಡಿ ಕುದುರೆಗೆ ಇತ್ತೀಚೆಗಷ್ಟೇ ದೇಶೀ ತಳಿಯೆಂಬ ಅಧಿಕೃತ ಮನ್ನಣೆ ಸಿಕ್ಕಿದೆ. ಕುರಿಗಾರರು ತಟ್ಟುವಿನ ಮೇಲೆ ಕೂರುವುದು ಅಪರೂಪ, ಪಕ್ಕದಲ್ಲಿ ನಡೆಯುತ್ತಾರೆ. ಮಳೆ ಜೋರಾದರೆ ಎರೆಯಲ್ಲಿ ಬೀಡು ಬಿಡುವುದಿಲ್ಲ, ಗರಸಿನ ಮಡ್ಡಿ ಹುಡುಕುತ್ತಾರೆ ಇಲ್ಲವೇ ಮಸಾರಿ ಹೊಲ. ಕುರಿಯ ಗೊರಸೂ ಕೊಳೆಯುತ್ತದೆ, ಕುದುರೆಯದೂ ಕೊಳೆಯುತ್ತದೆ ಎಂಬುದು ಅವರಿಗೆ ಗೊತ್ತು.

ಮಳೆ ಬಿಟ್ಟ ಎಷ್ಟು ದಿನಕ್ಕೆ ಹೊಲಕ್ಕೆ ಕುದುರೆ ಇಳಿಸಬಹುದು ಎಂದು ದಿನ ಎಣಿಸಿ ಹೇಳಲಾಗದು; ಬಿಸಿಲು, ಗಾಳಿ, ಇಳಿಜಾರು ಎಲ್ಲ ಸೇರುತ್ತವೆ. ಆದರೆ ಅಳೆಯುವ ದಾರಿಯೊಂದಿದೆ. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಆಟರ್‌ಬರ್ಗ್ 1911ರಲ್ಲಿ ಮಣ್ಣಿನ ಹದಕ್ಕೆ ಗಡಿಗಳನ್ನು ಗುರುತಿಸಿದ. ಅವನ ದಾರಿಯಲ್ಲೇ ಇಂದಿಗೂ ಪ್ರಯೋಗಾಲಯಗಳಲ್ಲಿ ಮಣ್ಣನ್ನು ಅಂಗೈಯಲ್ಲಿ ಹೊಸೆದು ಮೂರು ಮಿಲಿಮೀಟರ್ ದಪ್ಪದ ದಾರ ಮಾಡುತ್ತಾರೆ. ಆ ದಪ್ಪಕ್ಕೆ ಬಂದಾಗಲೂ ದಾರ ಮುರಿಯದೆ ಬಳುಕಿದರೆ ಮಣ್ಣು ಇನ್ನೂ ಕೆಸರಿನ ಕಡೆ. ಪುಡಿಯಾಗಿ ಮುರಿದರೆ ಗಟ್ಟಿ ನೆಲದ ಕಡೆ ದಾಟಿದೆ. ಎರೆ ಮಣ್ಣಿನಲ್ಲಿ ಈ ಗಡಿ ಸಾಮಾನ್ಯವಾಗಿ 100 ಗ್ರಾಂ ಒಣ ಮಣ್ಣಿಗೆ 25ರಿಂದ 35 ಗ್ರಾಂ ನೀರು ಇರುವಲ್ಲಿ ಬರುತ್ತದೆ. ಬಿತ್ತುವ ಮೊದಲು ರೈತ ಹೊಲದಲ್ಲಿ ಕೂತು ಹೆಂಟೆ ಹಿಚುಕಿ ನೋಡುವುದು ಹೆಚ್ಚುಕಡಿಮೆ ಇದೇ ಪರೀಕ್ಷೆ. ಸವಾರನೂ ಜೀನು ಬಿಗಿಯುವ ಮೊದಲು ಇದನ್ನು ಮಾಡಬಹುದು. ಒಂದೇ ಎಚ್ಚರ: ಮಣ್ಣನ್ನು ಮೇಲಿನ ಪದರದಿಂದ ತೆಗೆಯಬಾರದು. ಎರಡು ದಿನದ ಬಿಸಿಲಿಗೆ ಎರೆಯ ಮೇಲ್ಮೈ ಹೆಪ್ಪುಗಟ್ಟಿ ನಡೆಯಬಹುದು ಎಂದು ತೋರುತ್ತದೆ, ಅದರ ಕೆಳಗೆ ಇನ್ನೂ ರಾಡಿಯೇ ಇರುತ್ತದೆ. ಕುದುರೆಯ ಗೊರಸು ಇಳಿಯುವ ಆಳದವರೆಗೆ, ಒಂದು ಗೇಣಾದರೂ ಅಗೆದು, ಅಲ್ಲಿನ ಮಣ್ಣನ್ನು ಹೊಸೆಯಬೇಕು.